ಗ್ಯಾಸ್ ಅಲಾರಂ, ಪುಡಿ ಸಿಲಿಂಡರ್, ಕಿತ್ತಳೆ ಪೈಪು: ಮನೆ ಸುರಕ್ಷತೆಯ ಸಾಮಾನುಗಳಲ್ಲಿ ಯಾವುದಕ್ಕೆ ದುಡ್ಡು ಹಾಕಬೇಕು

ಪ್ಲಗ್ಗಿಗೆ ಚುಚ್ಚಿದರೆ ಸಾಕು, ಗ್ಯಾಸ್ ಸೋರಿದ ಕೂಡಲೇ ಕೂಗಿಕೊಳ್ಳುತ್ತದೆ ಎಂದು ಮಾರುವ ಸಣ್ಣ ಬಿಳಿ ಡಬ್ಬಿಗೆ ಒಂದು ದೊಡ್ಡ ತೊಡಕಿದೆ. ನಮ್ಮ ಅಡುಗೆಮನೆಗಳಲ್ಲಿ ಪ್ಲಗ್ ಪಾಯಿಂಟ್ ಇರುವುದು ಕಟ್ಟೆಯ ಮೇಲೆ, ನೆಲದಿಂದ ನಾಲ್ಕು ಅಡಿ ಎತ್ತರದಲ್ಲಿ. ಎಲ್‌ಪಿಜಿ ಹೋಗಿ ಕೂರುವುದು ನೆಲದಲ್ಲಿ. ಮಿಕ್ಸಿಯ ಪಕ್ಕದ ಪಾಯಿಂಟಿಗೆ ಚುಚ್ಚಿದ ಅಲಾರಂ ಕೂಗುವ ಹೊತ್ತಿಗೆ ಗ್ಯಾಸು ಕಾಲ ಬಳಿ ಎಷ್ಟೋ ಹೊತ್ತಿನಿಂದ ಹರಡಿಕೊಂಡಿರುತ್ತದೆ. ಮನೆ ಸುರಕ್ಷತೆಯ ಹೆಸರಿನಲ್ಲಿ ಮಾರಾಟವಾಗುವ ಹೆಚ್ಚಿನ ಸಾಮಾನುಗಳ ಕತೆ ಇದೇ. ವಸ್ತು ಕೆಟ್ಟದ್ದಲ್ಲ, ಇಡುವ ಜಾಗ ತಪ್ಪು. ಇಲ್ಲವೇ ಇನ್ನೂರು ರೂಪಾಯಿಯ ಕೆಲಸ ಬಾಕಿ ಇಟ್ಟು ಎರಡು ಸಾವಿರದ ಡಬ್ಬಿ ಕೊಂಡಿರುತ್ತಾರೆ.

ಮೂರು ಮಲಗುವ ಕೋಣೆಯ ಫ್ಲ್ಯಾಟ್ ಇರಲಿ, ಒಂದೇ ಕೋಣೆಯ ಬಾಡಿಗೆ ಮನೆ ಇರಲಿ, ಕೊಳ್ಳುವ ಕ್ರಮ ಬದಲಾಗುವುದಿಲ್ಲ: ಮೊದಲು ಗ್ಯಾಸ್ ಪೈಪು, ಆಮೇಲೆ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್ಚು), ಆಮೇಲೆ ಪುಡಿಯ ಅಗ್ನಿಶಾಮಕ (ಬೆಂಕಿ ನಂದಿಸುವ ಪುಡಿ ತುಂಬಿದ ಸಿಲಿಂಡರ್), ಕೊನೆಗೆ ಗ್ಯಾಸ್ ಅಲಾರಂ. ಅಲಾರಂ ಕೊನೆಗೆ ಯಾಕೆ ಎಂಬುದು ಮುಂದೆ ಬರುತ್ತದೆ.

ಕಿತ್ತಳೆ ಪೈಪು

ಗ್ಯಾಸ್ ಏಜೆನ್ಸಿಯವರೇ ಕೊಡುವ ಕಿತ್ತಳೆ ಬಣ್ಣದ ಸುರಕ್ಷಾ ಹೋಸ್‌ಗೆ ಈಗ ಸುಮಾರು ಇನ್ನೂರು ರೂಪಾಯಿ. ರಬ್ಬರಿನ ಪದರಗಳ ನಡುವೆ ಉಕ್ಕಿನ ತಂತಿಯ ಹೆಣಿಗೆ ಇರುವುದರಿಂದ ಇಲಿ ಕಚ್ಚಿದರೂ ತೂತು ಬೀಳುವುದು ಕಷ್ಟ, ಮಡಿಸಿದರೂ ಬೇಗ ಸೀಳುವುದಿಲ್ಲ. ಐಎಸ್ 9573 ಎಂಬ ಮಾನಕದ ಸಂಖ್ಯೆ, ಐಎಸ್‌ಐ ಗುರುತು, ತಯಾರಾದ ತಿಂಗಳು ಮತ್ತು ವರ್ಷ ಪೈಪಿನ ಮೇಲೇ ಅಚ್ಚಾಗಿರುತ್ತವೆ. ಆಯುಸ್ಸು ಐದು ವರ್ಷ. ನೋಡಲು ಹೊಸದರಂತಿದ್ದರೂ ಐದು ವರ್ಷ ದಾಟಿದರೆ ತೆಗೆಯಬೇಕು, ಯಾಕೆಂದರೆ ರಬ್ಬರು ಗಟ್ಟಿಯಾಗಿರುವುದು ಹೊರಗಿನಿಂದ ಕಾಣದೇ ಇರಬಹುದು.

ಹಾರ್ಡ್‌ವೇರ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುವ ಹಸಿರು ಪ್ಲಾಸ್ಟಿಕ್ ಪೈಪನ್ನು ಗ್ಯಾಸಿಗೆ ಹಾಕಲೇಬಾರದು. ಎರಡು ತುಂಡು ಜೋಡಿಸುವುದೂ ಬೇಡ. ಒಂದೂವರೆ ಮೀಟರಿಗಿಂತ ಉದ್ದ ಬೇಕು ಅನ್ನಿಸಿದರೆ ಸಿಲಿಂಡರಿನ ಜಾಗ ಬದಲಿಸಿ, ಇಲ್ಲವೇ ಏಜೆನ್ಸಿಯವರಿಂದ ತಾಮ್ರದ ಕೊಳವೆ ಹಾಕಿಸಿ. ಇನ್ನೊಂದು ಅಭ್ಯಾಸ, ಪೈಪು ಚೆನ್ನಾಗಿ ಕಾಣಲೆಂದು ಅದಕ್ಕೆ ಬಟ್ಟೆಯ ಅಥವಾ ಪ್ಲಾಸ್ಟಿಕ್ಕಿನ ಗವಸು ತೊಡಿಸುವುದು. ಬಿರುಕು ಕಾಣದಂತೆ ಮುಚ್ಚಿಡಲು ಅದಕ್ಕಿಂತ ಒಳ್ಳೆಯ ಉಪಾಯ ಬೇರೊಂದಿಲ್ಲ.

ಪೈಪು ಬದಲಿಸಿದ ದಿನ ಸೋಪಿನ ನೀರಿನ ಪರೀಕ್ಷೆ ಮಾಡಬೇಕು. ಪಾತ್ರೆ ತೊಳೆಯುವ ದ್ರವವನ್ನು ನೀರಿನಲ್ಲಿ ಕಲಕಿ, ರೆಗ್ಯುಲೇಟರ್ ತೆರೆದು, ಒಲೆಯ ಗುಂಡಿಗಳನ್ನು ಮುಚ್ಚಿಟ್ಟು, ಎರಡೂ ತುದಿಗೆ ಸವರಿ. ಗುಳ್ಳೆ ಎದ್ದರೆ ಸೋರಿಕೆ. ಬೆಂಕಿಕಡ್ಡಿ ಗೀರಿ ನೋಡುವವರು ಇನ್ನೂ ಇದ್ದಾರೆ, ಅವರ ಧೈರ್ಯಕ್ಕೆ ಏನು ಹೇಳುವುದು.

ಮನೆಗಳಲ್ಲಿ ಆಗಾಗ ಕಾಣುವ ಸೋರಿಕೆ ಪೈಪಿನಲ್ಲಿ ಅಲ್ಲ, ಸಿಲಿಂಡರಿನ ವಾಲ್ವ್ ಒಳಗಿನ ರಬ್ಬರ್ ರಿಂಗಿನಲ್ಲಿ. ಸಿಲಿಂಡರ್ ತಂದುಕೊಟ್ಟವರ ಎದುರೇ ಮುಚ್ಚಳ ತೆಗೆದು ಕಪ್ಪು ರಿಂಗ್ ಇದೆಯೇ, ಹರಿದಿಲ್ಲವೇ ಎಂದು ನೋಡಬೇಕು. ಅದು ಇಲ್ಲದಿದ್ದರೆ ರೆಗ್ಯುಲೇಟರ್ ಟಕ್ಕೆಂದು ಕೂತರೂ ಸುತ್ತ ಸೋರುತ್ತದೆ. ದಾರ ಕಟ್ಟಿದ ಆ ಬಿಳಿ ಮುಚ್ಚಳವನ್ನು ಕಿತ್ತೆಸೆಯಬೇಡಿ, ವಾಲ್ವೇ ಸೋರಿದಾಗ ಗ್ಯಾಸು ನಿಲ್ಲಿಸುವ ಸಾಧನ ಅದೊಂದೇ. ಸಿಲಿಂಡರಿನ ಹಿಡಿಯ ಪಟ್ಟಿಯ ಒಳಮೈಯಲ್ಲಿ ಒಂದು ಅಕ್ಷರ, ಎರಡು ಅಂಕಿ ಬರೆದಿರುತ್ತದೆ. ಎ ಅಂದರೆ ಮಾರ್ಚ್ ಕೊನೆ, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ‘ಸಿ 27’ ಎಂದಿದ್ದರೆ 2027ರ ಸೆಪ್ಟೆಂಬರ್ ಒಳಗೆ ಅದರ ಮುಂದಿನ ಪರೀಕ್ಷೆ ಆಗಬೇಕು. ಆ ಗಡುವು ದಾಟಿದ ಸಿಲಿಂಡರನ್ನು ಬಾಗಿಲಲ್ಲೇ ವಾಪಸು ಕಳಿಸಬಹುದು.

ಮನೆಮನೆಗೆ ಬಂದು ರೆಗ್ಯುಲೇಟರಿನ ಕೆಳಗೆ ಗುಂಡನೆಯ ಮೀಟರ್ ಕೂರಿಸಿ, ‘ಪೈಪು ಸುಟ್ಟರೂ ಗ್ಯಾಸು ತಾನೇ ನಿಲ್ಲುತ್ತದೆ’ ಎಂದು ಒಂದೂವರೆ ಸಾವಿರಕ್ಕೋ ಎರಡು ಸಾವಿರಕ್ಕೋ ಮಾರುವವರಿದ್ದಾರೆ. ಬೇಡ. ತೈಲ ಕಂಪನಿಗಳು ಇಂಥ ಸಾಧನಕ್ಕೆ ಒಪ್ಪಿಗೆ ಕೊಟ್ಟಿಲ್ಲ. ವಾಲ್ವಿಗೂ ರೆಗ್ಯುಲೇಟರಿಗೂ ನಡುವೆ ಇನ್ನೊಂದು ಜೋಡಣೆ ಸೇರಿದರೆ ಸೋರುವ ಜಾಗವೂ ಇನ್ನೊಂದು ಸೇರಿತು ಎಂದೇ ಲೆಕ್ಕ.

ಪ್ಲಗ್ಗಿನ ಗ್ಯಾಸ್ ಅಲಾರಂ

ಒಂದು ಸಣ್ಣ ಲೆಕ್ಕ ಹಾಕೋಣ. ಅಡುಗೆಮನೆ ಎಂಟು ಅಡಿಗೆ ಹತ್ತು ಅಡಿ. ಗಾಳಿಯಲ್ಲಿ ಎಲ್‌ಪಿಜಿ ಸುಮಾರು ಶೇ. 2ರಷ್ಟು ಸೇರಿದರೆ ಹೊತ್ತಿಕೊಳ್ಳಬಲ್ಲದು. ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರವಿರುವುದರಿಂದ ಅದು ಕೋಣೆಯ ತುಂಬ ಹರಡುವ ಮೊದಲು ನೆಲದ ಒಂದಡಿಯಲ್ಲಿ ಶೇಖರವಾಗುತ್ತದೆ. ಆ ಒಂದಡಿಯಷ್ಟು ಗಾಳಿ ಅಪಾಯದ ಮಟ್ಟ ಮುಟ್ಟಲು ನೂರು ಗ್ರಾಂ ಗ್ಯಾಸು ಸಾಕು. 14.2 ಕೆ.ಜಿ. ಸಿಲಿಂಡರಿನಲ್ಲಿ ನೂರು ಗ್ರಾಂ ಎಂಬುದು ಏನೂ ಅಲ್ಲ. ಹಾಲು ಉಕ್ಕಿ ಆರಿಹೋದ ದೊಡ್ಡ ಬರ್ನರು ಗಂಟೆಗೆ 150ರಿಂದ 200 ಗ್ರಾಂ ಬಿಡುತ್ತದೆ. ಅಂದರೆ ಕಿಟಕಿ ಬಾಗಿಲು ಮುಚ್ಚಿದ್ದರೆ ಅರ್ಧ ಗಂಟೆಯ ಮಾತು.

ಒಳ್ಳೆಯ ಅಲಾರಂ ಈ ಹೊತ್ತಿಕೊಳ್ಳುವ ಮಟ್ಟದ ಹತ್ತರಲ್ಲೊಂದು ಪಾಲು ಬಂದಾಗಲೇ ಕೂಗುತ್ತದೆ. ಹಾಗಾಗಿ ಉಪಕರಣ ಸುಳ್ಳಲ್ಲ, ಅದನ್ನು ನೆಲದಿಂದ 30 ಸೆಂಟಿಮೀಟರ್ ಎತ್ತರದಲ್ಲಿ ಕೂರಿಸಬೇಕು, ಅಷ್ಟೇ. ಆ ಎತ್ತರದಲ್ಲಿ ಪ್ಲಗ್ ಪಾಯಿಂಟ್ ಇಲ್ಲದ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆದು ತೂಗುಹಾಕುವ, ಉದ್ದ ವೈರಿನ ಮಾದರಿಯನ್ನೇ ಕೊಳ್ಳಬೇಕು. ಒಲೆಯಿಂದ ಒಂದು ಮೀಟರಾದರೂ ದೂರ ಇರಲಿ, ಸಿಂಕಿನ ಕೆಳಗೆ ಬೇಡ, ಬಾಗಿಲ ಹಿಂದೆ ಬೇಡ. ಸಿಲಿಂಡರು ಅಡುಗೆಮನೆಯ ಆಚೆಗಿನ ಯುಟಿಲಿಟಿಯಲ್ಲಿದ್ದರೆ ರೆಗ್ಯುಲೇಟರ್ ಇರುವುದೂ ಅಲ್ಲೇ, ಒಳಗೆ ಇಟ್ಟ ಅಲಾರಮ್ಮಿಗೆ ಅರ್ಧ ಮನೆ ಮಾತ್ರ ಕಾಣುತ್ತದೆ. ಬೆಂಗಳೂರಿನಲ್ಲಿ ಗೇಲ್ ಗ್ಯಾಸ್ ಕೊಳವೆ ಸಂಪರ್ಕ ಬಂದ ಮನೆಗಳಲ್ಲಿ ಎಲ್ಲ ತಲೆಕೆಳಗು. ಅದು ಮೀಥೇನ್, ಗಾಳಿಗಿಂತ ಹಗುರ, ಮೇಲಕ್ಕೆ ಏರುತ್ತದೆ. ಅಲಾರಂ ಸೂರಿನಿಂದ 30 ಸೆಂಟಿಮೀಟರ್ ಕೆಳಗಿರಬೇಕು. ಸಿಲಿಂಡರಿನಿಂದ ಕೊಳವೆಗೆ ಬದಲಾಯಿಸಿಕೊಂಡವರು ಡಬ್ಬಿಯನ್ನೂ ಸ್ಥಳಾಂತರಿಸಬೇಕು.

ಇದರೊಳಗೆ ಇರುವುದು ತವರದ ಆಕ್ಸೈಡ್ ಲೇಪಿಸಿದ ಒಂದು ಬಿಸಿ ಸಂವೇದಕ. ಅದನ್ನು ಹಗಲೂ ರಾತ್ರಿ ಬಿಸಿಯಾಗಿಡಬೇಕು, ತಿಂಗಳಿಗೆ ಎರಡು ಯೂನಿಟ್ಟಿನಷ್ಟು ಕರೆಂಟು ಅದಕ್ಕೇ ಹೋಗುತ್ತದೆ. ಕರೆಂಟು ಹೋದರೆ ಅದೂ ಸತ್ತಂತೆ, ಮತ್ತೆ ಬಂದಮೇಲೆ ಕೆಲವು ನಿಮಿಷ ಬಿಸಿಯಾಗಲು ಬೇಕು. ಯುಪಿಎಸ್ ಲೈನಿನ ಪಾಯಿಂಟಿಗೆ ಹಾಕದಿದ್ದರೆ, ಬೇಸಿಗೆಯ ಲೋಡ್‌ಶೆಡ್ಡಿಂಗ್ ಹೊತ್ತಿನಲ್ಲಿ ಅದು ಗೋಡೆಯ ಅಲಂಕಾರ.

ಕೂಗಬಾರದ ಹೊತ್ತಲ್ಲಿ ಕೂಗುವುದು ಇದರ ದೊಡ್ಡ ದೋಷ. ಜಿರಲೆಗೆ ಹೊಡೆಯುವ ಸ್ಪ್ರೇಯನ್ನು ಡಬ್ಬಿಯಿಂದ ಹೊರತಳ್ಳುವುದು ಬಹುಪಾಲು ಎಲ್‌ಪಿಜಿ ಜಾತಿಯ ಅನಿಲವೇ, ಹಾಗಾಗಿ ಅದಕ್ಕೆ ಕೂಗಿದರೆ ಅಲಾರಮ್ಮಿನ ತಪ್ಪಿಲ್ಲ. ಸೆಂಟು, ಸ್ಯಾನಿಟೈಸರ್, ಫಿನಾಯಿಲ್ ಹಾಕಿ ನೆಲ ಒರೆಸುವುದು, ಇವೆಲ್ಲಕ್ಕೂ ಕೂಗುತ್ತದೆ. ಮೂರು ಸಲ ಸುಳ್ಳು ಕೂಗಿದ್ದನ್ನು ನಾಲ್ಕನೆಯ ಸಲ ಕಿತ್ತು ಡ್ರಾಯರಿಗೆ ಹಾಕುತ್ತಾರೆ. ಅದಕ್ಕೇ ಇದು ಪಟ್ಟಿಯಲ್ಲಿ ಕೊನೆಗೆ. ಸಿಲಿಕೋನ್ ಆವಿ ಸಂವೇದಕವನ್ನು ಸದ್ದಿಲ್ಲದೆ ಕೊಲ್ಲುತ್ತದೆ. ಸಿಂಕಿನ ಸುತ್ತ ಸಿಲಿಕೋನ್ ಸೀಲೆಂಟ್ ಹಾಕಿಸುವ ದಿನ ಅಲಾರಂ ಬೇರೆ ಕೋಣೆಯಲ್ಲಿರಲಿ. ಹಸಿರು ದೀಪ ಉರಿಯುತ್ತಿದ್ದರೆ ಕರೆಂಟು ಇದೆ ಎಂದರ್ಥವೇ ಹೊರತು ಸಂವೇದಕ ಬದುಕಿದೆ ಎಂದಲ್ಲ. ಐದು ವರ್ಷಕ್ಕೆ ಬದಲಿಸಬೇಕು. ಕೊಳ್ಳುವಾಗ ಇಎನ್ 50194 ಎಂಬ ಮಾನಕ ನಮೂದಾಗಿದೆಯೇ ನೋಡಿ, ‘ಸೆನ್ಸಿಟಿವಿಟಿ ಹೈ’ ಎಂದಷ್ಟೇ ಬರೆದದ್ದನ್ನು ಬಿಡಿ.

ಕೂಗಿದಾಗ ಏನು ಮಾಡಬೇಕೆಂಬುದು ಡಬ್ಬಿಯ ಮೇಲೆ ಸಣ್ಣಕ್ಷರದಲ್ಲಿ ಇಂಗ್ಲಿಷಿನಲ್ಲಿರುತ್ತದೆ. ಅಲಾರಮ್ಮನ್ನೇ ಪ್ಲಗ್ಗಿನಿಂದ ಕೀಳಬೇಡಿ, ಕಿಡಿ ಹಾರುವುದು ಅಲ್ಲೇ. ಲೈಟು, ಎಕ್ಸಾಸ್ಟ್ ಫ್ಯಾನು, ಕಾಲಿಂಗ್ ಬೆಲ್ಲು ಯಾವುದನ್ನೂ ಹಾಕಬೇಡಿ, ಆರಿಸಲೂ ಬೇಡಿ. ದೇವರ ದೀಪ, ಊದುಬತ್ತಿ ಉರಿಯುತ್ತಿದ್ದರೆ ನಂದಿಸಿ. ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು ಹೊರಗೆ ಬನ್ನಿ. ಫ್ರಿಜ್ಜು ತನ್ನಷ್ಟಕ್ಕೆ ತಾನೇ ಚಾಲೂ ಆಗುವಾಗಲೂ ಒಳಗೆ ಕಿಡಿ ಹಾರುತ್ತದೆ, ಹಾಗಾಗಿ ಮೇನ್ ಸ್ವಿಚ್ಚು ಮನೆಯ ಹೊರಗಿದ್ದರೆ ಅಲ್ಲಿಂದ ಆರಿಸುವುದು ಜಾಣತನ. ಫೋನು ಹೊರಗೆ ಬಂದ ಮೇಲೆ: ಗ್ಯಾಸ್ ಸೋರಿಕೆಗೆ 1906, ಬೆಂಕಿಗೆ 101 ಅಥವಾ 112.

ಪುಡಿ ಸಿಲಿಂಡರ್, ಮುಚ್ಚಳ, ಬೆಂಕಿ ಹೊದಿಕೆ

ಮನೆಗೆ ಎಬಿಸಿ ಪುಡಿಯ ಅಗ್ನಿಶಾಮಕವೇ ಸರಿ. ಮರ, ಬಟ್ಟೆ, ಕಾಗದದ ಬೆಂಕಿ ‘ಎ’, ಪೆಟ್ರೋಲು, ಸೀಮೆಎಣ್ಣೆಯಂಥ ದ್ರವದ್ದು ‘ಬಿ’, ಅನಿಲದ್ದು ‘ಸಿ’. ಮೂರಕ್ಕೂ ನಡೆಯುತ್ತದೆ, ವಿದ್ಯುತ್ ಉಪಕರಣದ ಮೇಲೂ ಬಳಸಬಹುದು. ಕಾರಿಗೆಂದು ಮಾರುವ 500 ಗ್ರಾಮಿನದು ಆಟಿಕೆ. ಒಂದು ಕೆ.ಜಿ.ಯದು ಎಂಟು ಹತ್ತು ಸೆಕೆಂಡಿನಲ್ಲಿ ಖಾಲಿ. ಗಾಬರಿಯಲ್ಲಿ ಮೊದಲ ಮೂರು ಸೆಕೆಂಡು ಗುರಿ ತಪ್ಪುವುದು ಸಹಜ ಎಂದಿಟ್ಟುಕೊಂಡರೆ ಉಳಿಯುವುದು ಐದು. ಎರಡು ಕೆ.ಜಿ.ಯದು ಮನೆಗೆ ಹೊಂದುವ ಗಾತ್ರ. ನಾಲ್ಕು ಕೆ.ಜಿ.ಯದು ಇನ್ನೂ ಒಳ್ಳೆಯದು, ಆದರೆ ಮನೆಯ ಹಿರಿಯರಿಗೆ ಅದನ್ನು ಎತ್ತಿಹಿಡಿದು ಗುರಿ ಇಡಲು ಆಗುವುದಿಲ್ಲ. ಮೈಮೇಲೆ ಐಎಸ್ 15683 ಮತ್ತು ಐಎಸ್‌ಐ ಗುರುತು ಇರಬೇಕು. ಗುರುತಿನ ಕೆಳಗಿನ ಸಿಎಂ/ಎಲ್ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಹಾಕಿ ನೋಡಿದರೆ ಪರವಾನಗಿ ನಿಜವೋ ಅಲ್ಲವೋ ಅಂಗಡಿಯಲ್ಲೇ ಗೊತ್ತಾಗುತ್ತದೆ. ಪೈಪಿಗೂ ಇದೇ ಉಪಾಯ.

ತೂಗುಹಾಕಲು ಸರಿಯಾದ ಜಾಗ ಒಲೆಯ ಪಕ್ಕ ಅಲ್ಲ. ಅಲ್ಲಿ ಬೆಂಕಿ ಎದ್ದರೆ ಅದರ ಬಳಿ ಕೈ ಹೋಗುವುದಿಲ್ಲ. ಅಡುಗೆಮನೆಯ ಬಾಗಿಲಿನ ಹೊರಗಡೆ, ಹಾಲಿನ ಗೋಡೆಗೆ, ಎದೆಯ ಎತ್ತರದಲ್ಲಿ ಇರಲಿ. ಪಿನ್ ಎಳೆದು, ಎರಡು ಮೀಟರ್ ದೂರದಲ್ಲಿ ಬಾಗಿಲಿಗೆ ಬೆನ್ನು ಮಾಡಿ ನಿಂತು, ಜ್ವಾಲೆಯ ತುದಿಗಲ್ಲ, ಬುಡಕ್ಕೆ ಗುರಿಯಿಟ್ಟು ಹಿಡಿ ಒತ್ತಿ ಆ ಕಡೆ ಈ ಕಡೆ ಆಡಿಸಬೇಕು.

ಪೈಪಿನ ಬಾಯಲ್ಲಿ ಗ್ಯಾಸು ಉರಿಯುತ್ತಿದ್ದರೆ ಮೊದಲು ಪುಡಿ ಹೊಡೆಯಬೇಡಿ. ಒದ್ದೆ ಬಟ್ಟೆ ಸುತ್ತಿದ ಕೈಯಿಂದ ರೆಗ್ಯುಲೇಟರ್ ಮುಚ್ಚಿದರೆ ಜ್ವಾಲೆ ತಾನೇ ಆರುತ್ತದೆ. ಗ್ಯಾಸು ನಿಲ್ಲಿಸದೆ ಜ್ವಾಲೆ ಮಾತ್ರ ನಂದಿಸಿದರೆ ಸೋರುವುದು ಮುಂದುವರಿದು ನೆಲದಲ್ಲಿ ತುಂಬಿಕೊಂಡು ಒಮ್ಮೆಗೇ ಹೊತ್ತುತ್ತದೆ. ಉರಿಯುವ ಗ್ಯಾಸಿಗಿಂತ ಉರಿಯದೆ ಕೂತ ಗ್ಯಾಸು ಕೆಟ್ಟದ್ದು.

ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ಪುಡಿಯೂ ಅಷ್ಟು ಒಳ್ಳೆಯದಲ್ಲ. ಹತ್ತಿರದಿಂದ ಹೊಡೆದರೆ ಒತ್ತಡಕ್ಕೆ ಉರಿಯುವ ಎಣ್ಣೆ ಚಿಮ್ಮುತ್ತದೆ. ದೂರದಿಂದ ಹೊಡೆದರೆ ಜ್ವಾಲೆ ಆರುತ್ತದೆ, ಆದರೆ ಪುಡಿ ಎಣ್ಣೆಯನ್ನು ತಣಿಸುವುದಿಲ್ಲ. ಹಪ್ಪಳ ಕರಿಯುವ ಎಣ್ಣೆ 180 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ತಾನೇ ಹೊತ್ತಿಕೊಳ್ಳುವ ಎಣ್ಣೆ ಸುಮಾರು 350 ದಾಟಿರುತ್ತದೆ. ಆ ಕಾವು ಇಳಿಯುವವರೆಗೆ ಅದು ಮತ್ತೆ ಹೊತ್ತುತ್ತಲೇ ಇರುತ್ತದೆ. ನೀರು ಹಾಕಿದರಂತೂ ಅದು ಎಣ್ಣೆಯ ತಳಕ್ಕೆ ಇಳಿದು ಒಂದು ಲೋಟ ನೀರು ಸಾವಿರದ ಏಳುನೂರು ಲೋಟದಷ್ಟು ಹಬೆಯಾಗಿ, ಎಣ್ಣೆಯನ್ನು ಸೂರಿನವರೆಗೆ ಎತ್ತಿ ಎಸೆಯುತ್ತದೆ.

ಇದಕ್ಕೆ ತಕ್ಕ ಸಾಧನ ಮನೆಯಲ್ಲೇ ಇದೆ: ಬಾಣಲೆಗಿಂತ ಅಗಲದ, ಮಟ್ಟಸವಾದ ಸ್ಟೀಲ್ ಮುಚ್ಚಳ ಅಥವಾ ದೊಡ್ಡ ತಟ್ಟೆ. ನಿಮ್ಮ ಕಡೆಯ ಅಂಚಿನಿಂದ ಆಚೆಗೆ ಜಾರಿಸುತ್ತ ಮುಚ್ಚಿ, ಒಲೆ ಆರಿಸಿ, ಅರ್ಧ ಗಂಟೆ ತೆಗೆಯಬೇಡಿ, ಬಾಣಲೆ ಎತ್ತಿಕೊಂಡು ಹೊರಗೆ ಓಡಬೇಡಿ. ಕರಿಯಲು ಕೂತಾಗ ಆ ಮುಚ್ಚಳ ಕೈಗೆ ಸಿಗುವಲ್ಲಿ ಇರಬೇಕು, ಅಟ್ಟದ ಮೇಲೆ ಅಲ್ಲ. ಗಾಜಿನ ಮುಚ್ಚಳ ಬಿಸಿಗೆ ಒಡೆಯಬಹುದು. ಗಾಜಿನ ನಾರಿನ ಬೆಂಕಿ ಹೊದಿಕೆ ಇದೇ ಕೆಲಸವನ್ನು ಮಾಡುತ್ತದೆ. ಆದರೆ ಒಂದು ಮೀಟರ್ ಚೌಕದ್ದು ಮನೆಯ ದೊಡ್ಡ ಬಾಣಲೆಗೆ ಸಾಲದು, 1.2 ಮೀಟರಿನದು ಬೇಕು. ಸೀರೆಗೋ ದುಪಟ್ಟಾಕ್ಕೋ ಬೆಂಕಿ ತಗುಲಿದವರನ್ನು ಸುತ್ತಲು ಮುಚ್ಚಳದಿಂದ ಆಗುವುದಿಲ್ಲ. ಹೊದಿಕೆ ಕೊಳ್ಳಲು ಅದೇ ನಿಜವಾದ ಕಾರಣ. ಬೆಂಕಿಗೆ ಎಸೆಯುವ ಚೆಂಡು ಸಣ್ಣ ಅಡುಗೆಮನೆಗೆ ಬೇಡ. ಅದು ಪಟಾಕಿಯಂತೆ ಸಿಡಿದು ಪುಡಿ ಚೆಲ್ಲುತ್ತದೆ, ಎಣ್ಣೆಯ ಬಾಣಲೆ ಎದುರಿಗಿದ್ದರೆ ಅದನ್ನೂ ಚೆಲ್ಲಬಹುದು.

ಆರ್‌ಸಿಸಿಬಿ

ಹಲವರು ಎಂಸಿಬಿ (ಲೋಡು ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚು) ಇದೆ, ಸಾಕು ಅಂದುಕೊಂಡಿರುತ್ತಾರೆ. ಎಂಸಿಬಿ ಕಾಯುವುದು ವೈರನ್ನು, ಮನುಷ್ಯರನ್ನಲ್ಲ. ಒದ್ದೆ ಕೈಯಿಂದ ಗೀಸರ್ ಮುಟ್ಟಿದವರ ಮೈಯಲ್ಲಿ ಹರಿಯುವ ಕರೆಂಟು ಎಂಸಿಬಿಯ ಲೆಕ್ಕಕ್ಕೇ ಬರುವುದಿಲ್ಲ. ಹೋದ ಕರೆಂಟು ಅಷ್ಟೇ ವಾಪಸು ಬಂದಿದೆಯೇ ಎಂದು ನೋಡಿ, 30 ಮಿಲಿಆಂಪ್ ವ್ಯತ್ಯಾಸ ಕಂಡರೆ ಕಡಿದುಹಾಕುವುದು ಆರ್‌ಸಿಸಿಬಿ. ಎರಡು ಸಾವಿರದ ಆಸುಪಾಸಿನ ಈ ಡಬ್ಬಿ ಈ ಬರಹದಲ್ಲಿರುವ ಎಲ್ಲಕ್ಕಿಂತ ಬೆಲೆಬಾಳುವಂಥದ್ದು ಎಂಬುದು ನನ್ನ ಮತ. ಮನೆಗೆ 30 ಮಿಲಿಆಂಪಿನದೇ ಇರಲಿ, 100 ಅಥವಾ 300ರದು ಶಾಕ್‌ನಿಂದ ಕಾಪಾಡುವುದಿಲ್ಲ. ಇನ್ವರ್ಟರ್ ಎಸಿ, ಹೊಸ ವಾಷಿಂಗ್ ಮೆಷಿನ್ ಇರುವ ಮನೆಗೆ ಅವುಗಳ ಸೋರಿಕೆಯನ್ನೂ ಗುರುತಿಸುವ ‘ಟೈಪ್ ಎ’ ಕೇಳಿ, ಅಂಗಡಿಯವರು ಸುಮ್ಮನೆ ಕೊಡುವುದು ‘ಟೈಪ್ ಎಸಿ’.

ಹಾಕಿಸಿದ ಮರುದಿನವೇ ಪದೇಪದೇ ಟ್ರಿಪ್ ಆಗುತ್ತದೆ, ಎಲೆಕ್ಟ್ರಿಷಿಯನ್ ಬಂದು ಬೈಪಾಸ್ ಮಾಡಿ ಹೋಗುತ್ತಾರೆ. ಬಹಳಷ್ಟು ಸಲ ದೋಷ ಡಬ್ಬಿಯದಲ್ಲ. ಯುಪಿಎಸ್ ಲೈನಿನ ನ್ಯೂಟ್ರಲ್ (ಕರೆಂಟು ವಾಪಸಾಗುವ ವೈರು) ಮತ್ತು ಮೇನ್ ಲೈನಿನ ನ್ಯೂಟ್ರಲ್ ಯಾವುದೋ ಸ್ವಿಚ್ ಬೋರ್ಡಿನಲ್ಲಿ ಒಂದಾಗಿರುತ್ತವೆ. ಒಂದು ದಾರಿಯಲ್ಲಿ ಹೋದ ಕರೆಂಟು ಇನ್ನೊಂದು ದಾರಿಯಲ್ಲಿ ಬಂದರೆ ಆರ್‌ಸಿಸಿಬಿಗೆ ಅದು ಸೋರಿಕೆಯೇ. ನ್ಯೂಟ್ರಲ್ ಬೇರ್ಪಡಿಸಲು ಅರ್ಧ ದಿನದ ಕೂಲಿ ಕೊಡಿ, ಬೈಪಾಸಿಗೆ ಒಪ್ಪಬೇಡಿ. ಡಬ್ಬಿಯ ಮೇಲಿನ ‘ಟಿ’ ಗುಂಡಿಯನ್ನು ಮೂರು ತಿಂಗಳಿಗೊಮ್ಮೆ ಒತ್ತಿ, ಬೀಳದಿದ್ದರೆ ಬದಲಿಸಿ.

ಇದರ ಜೊತೆ ನೋಡಬೇಕಾದ್ದು ಎಂಸಿಬಿಯ ಅಳತೆ. 2 ಕಿಲೋವ್ಯಾಟ್ ಗೀಸರ್ ಸುಮಾರು 9 ಆಂಪ್ ಎಳೆಯುತ್ತದೆ, 3 ಕಿಲೋವ್ಯಾಟಿನದು 13. ಇವಕ್ಕೆ 16 ಆಂಪಿನ ಸಾಕೆಟ್ಟೇ ಬೇಕು, 6 ಆಂಪಿನ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಇಂಡಕ್ಷನ್ ಒಲೆ ಓಡಿಸಿದರೆ ಮೊದಲು ಪ್ಲಗ್ಗಿನ ಕಾಲು ಕಪ್ಪಾಗುತ್ತದೆ. ಎಂಸಿಬಿ ಬೀಳುತ್ತದೆಂದು 16 ತೆಗೆದು 32 ಹಾಕಿಸಿದರೆ, 2.5 ಚದರ ಮಿಲಿಮೀಟರಿನ ವೈರೇ ಫ್ಯೂಸಿನ ಕೆಲಸ ಮಾಡಬೇಕಾಗುತ್ತದೆ, ಅದೂ ಗೋಡೆಯ ಒಳಗೆ.

ಉಳಿದವು

ಹೊಗೆ ಅಲಾರಂ ಅಡುಗೆಮನೆಗೆ ತರಬೇಡಿ, ಒಗ್ಗರಣೆಗೊಮ್ಮೆ ಕೂಗುತ್ತದೆ. ಮಲಗುವ ಕೋಣೆಗಳ ಹೊರಗಿನ ಓಣಿಯ ಸೂರಿಗೆ, ದೇವರ ಮನೆಯಿಂದ ದೂರ ಹಾಕಿದರೆ ರಾತ್ರಿಯ ಬೆಂಕಿಗೆ ಅದಕ್ಕಿಂತ ಒಳ್ಳೆಯ ಕಾವಲಿಲ್ಲ.

ಬಚ್ಚಲುಮನೆಯ ಗ್ಯಾಸ್ ಗೀಸರ್ ಬೇರೆಯೇ ವಿಷಯ. ಅದು ಕೊಲ್ಲುವುದು ಸೋರಿಕೆಯಿಂದಲ್ಲ, ಗಾಳಿ ಸಾಲದೆ ಅರೆಬರೆ ಉರಿದು ಹುಟ್ಟುವ ಕಾರ್ಬನ್ ಮೊನಾಕ್ಸೈಡಿನಿಂದ. ಅದಕ್ಕೆ ವಾಸನೆ ಇಲ್ಲ, ಎಲ್‌ಪಿಜಿ ಅಲಾರಮ್ಮಿಗೆ ಅದು ಗೊತ್ತೂ ಆಗುವುದಿಲ್ಲ. ಕರ್ನಾಟಕದಲ್ಲಿ ಸ್ನಾನಕ್ಕೆ ಹೋದವರು ಹೊರಗೆ ಬಾರದ ಸುದ್ದಿಗಳ ಹಿಂದೆ ಇದೇ ಇದೆ. ಗೀಸರನ್ನು ಹೊರಗೋಡೆಗೆ ಹಾಕಿಸಿ ನೀರಿನ ಕೊಳವೆಯನ್ನು ಮಾತ್ರ ಒಳಗೆ ತರುವುದೇ ಪರಿಹಾರ. ಮೇಲೊಂದು ಕಾವಲು ಬೇಕೆಂದರೆ ಇಎನ್ 50291 ಗುರುತಿನ ಬೇರೆ ಅಲಾರಂ ಕೊಳ್ಳಬೇಕು. ಅದು ಗಾಳಿಯಲ್ಲಿ ಹತ್ತು ಲಕ್ಷಕ್ಕೆ 300 ಪಾಲು ಸೇರಿದರೆ ಮೂರು ನಿಮಿಷದೊಳಗೆ ಕೂಗುತ್ತದೆ.

ಬ್ಯಾಟರಿ ಸ್ಕೂಟರನ್ನು ಹಾಲಿನಲ್ಲಿ, ಅದೂ ಹೊರಹೋಗುವ ಬಾಗಿಲಿನ ಪಕ್ಕದಲ್ಲಿ ಚಾರ್ಜಿಗೆ ಹಾಕಿ ಮಲಗುವವರು ಎಬಿಸಿ ಪುಡಿಯನ್ನು ನಂಬಿ ಕೂರಬಾರದು. ಲಿಥಿಯಂ ಕೋಶಗಳ ಉರಿ ಒಳಗಿನಿಂದ ಹಬ್ಬುತ್ತದೆ, ಪುಡಿ ಮೇಲೆ ಕೂರುತ್ತದೆ, ಅಷ್ಟೇ. ಅಲ್ಲಿ ಮಾಡಬೇಕಾದ್ದು ಓಡುವುದು ಮತ್ತು 101ಕ್ಕೆ ಫೋನು ಮಾಡುವುದು.

ಪುಡಿ ಸಿಲಿಂಡರಿಗೆ ಮರಳೋಣ, ಕೊಂಡ ಮೇಲೆ ಮೋಸ ಹೋಗುವುದು ಅದರಲ್ಲೇ. ಅದರ ಒತ್ತಡದ ಮಾಪಕದ ಮುಳ್ಳು ಹಸಿರಿನಲ್ಲಿದ್ದರೆ ಒತ್ತಡ ಇದೆ ಎಂದರ್ಥ, ಪುಡಿ ಸಡಿಲವಾಗಿದೆ ಎಂದಲ್ಲ. ಕರಾವಳಿಯ, ಮಲೆನಾಡಿನ ತೇವಕ್ಕೆ, ಸರಿಯಾಗಿ ತುಂಬದ ಸಿಲಿಂಡರಿನಲ್ಲಿ ಪುಡಿ ಗಟ್ಟಿಯಾಗಿ ತಳ ಹಿಡಿಯುತ್ತದೆ. ಮೂರು ತಿಂಗಳಿಗೊಮ್ಮೆ ತಲೆಕೆಳಗು ಮಾಡಿ ಕೈಗೆ ಪುಡಿ ಜಾರಿದ್ದು ತಿಳಿಯುತ್ತದೆಯೇ ನೋಡಿ, ಇಲ್ಲದಿದ್ದರೆ ತಳಕ್ಕೆ ಅಂಗೈಯಿಂದ ತಟ್ಟಿ. ರೀಫಿಲ್ ಮಾಡಿಸಲು ಕೊಟ್ಟಾಗ ಹೊಸ ಚೀಟಿ ಅಂಟಿಸಿ, ಗಾಳಿ ತುಂಬಿ ವಾಪಸು ಕೊಡುವವರಿದ್ದಾರೆ. ಒಟ್ಟು ತೂಕ ಎಷ್ಟಿರಬೇಕೆಂದು ಸಿಲಿಂಡರಿನ ಮೈಮೇಲೆ ಬರೆದಿರುತ್ತದೆ. ಕೊಡುವ ಮೊದಲೊಮ್ಮೆ, ತಂದ ಮೇಲೊಮ್ಮೆ ಮನೆಯ ತಕ್ಕಡಿಯಲ್ಲಿಟ್ಟು ನೋಡಿ. ಬಳಸಿದ ಸಿಲಿಂಡರಿನ ತೂಕ ಏರಿಲ್ಲದಿದ್ದರೆ ಹಣ ಕೊಡುವ ಮೊದಲು ಬಾಯಿ ಬಿಚ್ಚಿಸಿ ಒಳಗೆ ಇಣುಕಿ.